ಮೆಜೆಸ್ಟಿಕ್‌ನಲ್ಲಿ 12.40ಕ್ಕೆ ಅಪ್ಪ ಇರ್ತಾರೆ

ಅಕ್ಕನ ಮಗಳಿಗೆ ಈ ವರ್ಷ ಮೈಸೂರಿನಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿದೆ. ಅವಳು ಹಾಸ್ಟೆಲಿಗೆ ಹೊರಡುವ ಹಿಂದಿನ ಭಾನುವಾರ ಅರಸೀಕೆರೆಯ ನಮ್ಮ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ಊಟ ಮುಗಿದ ಮೇಲೆ ಶುರುವಾಯಿತು ನೋಡಿ ಬುದ್ಧಿಮಾತಿನ ಸುರಿಮಳೆ. ದೊಡ್ಡಮ್ಮ, "ಹುಡುಗ್ರ ಜೊತೆ ಜಾಸ್ತಿ ಮಾತು ಬೇಡ ಕಣೇ" ಅಂದರು. ಭಾವ, "ಮೊದಲ್ನೇ ವರ್ಷನೇ ಒಳ್ಳೆ ಪರ್ಸೆಂಟೇಜ್ ತಗೋಬೇಕು, ಆಮೇಲೆ ಎಳೆಯೋಕಾಗಲ್ಲ" ಅಂದರು. ಅಮ್ಮ ತನ್ನ ಹಳೇ ಮಂತ್ರ ಹೇಳಿದಳು: "ಊಟ ಬಿಡ್ಬೇಡ, ತಲೆಗೆ ಎಣ್ಣೆ ಬಿಡ್ಬೇಡ."

ಅಪ್ಪ ಮಾತ್ರ ಜಗುಲಿಯಲ್ಲಿ ಪೇಪರ್ ಹಿಡಿದು ಸುಮ್ಮನೆ ಕೂತಿದ್ದರು. ಅವಳೇ ಹೋಗಿ, "ತಾತ, ನೀವೇನೂ ಹೇಳಲ್ವಾ?" ಅಂತ ಕೇಳಿದಳು. ಅಪ್ಪ ಕನ್ನಡಕ ತೆಗೆದು ನನ್ನ ಕಡೆ ಕೈ ತೋರಿಸಿದರು. "ನಿಮ್ಮ ಚಿಕ್ಕಮ್ಮನ್ನ ಕೇಳು. ಅವಳು ಹೋಗುವಾಗ ಏನೇನೋ ಹೇಳಿದ್ದೆ. ಅದರಲ್ಲಿ ಯಾವುದು ಕೆಲಸಕ್ಕೆ ಬಂತು, ಯಾವುದು ಬರ್ಲಿಲ್ಲ ಅಂತ ಅವಳಿಗೇ ಗೊತ್ತು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ರಾತ್ರಿ ಮಲಗಿದಾಗ ಆ ಪ್ರಶ್ನೆ ಬಿಡಲಿಲ್ಲ. ನಿಜಕ್ಕೂ ಯಾವುದು ಕೆಲಸಕ್ಕೆ ಬಂತು? ಅವತ್ತು ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ. ಮಕ್ಕಳನ್ನು ಮೊದಲ ಸಲ ಬೇರೆ ಊರಿಗೆ ಕಳಿಸುತ್ತಿರುವ ಮನೆಗಳು ಈಗ ಬೇಕಾದಷ್ಟಿವೆಯಲ್ಲ.

ಅಪ್ಪನ ಬಸ್ಸಿನಲ್ಲೇ ಹೊರಟೆ

ನಮ್ಮಪ್ಪ ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರ್ ಆಗಿದ್ದವರು. ಹೋದ ವರ್ಷ ರಿಟೈರ್ ಆದರು. ನಾನು ಎಂಜಿನಿಯರಿಂಗ್ ಸೇರಿದ್ದು 2013ರ ಆಗಸ್ಟ್‌ನಲ್ಲಿ, ಬೆಂಗಳೂರಿನ ಒಂದು ಕಾಲೇಜಿಗೆ. ಆಗ ಅಪ್ಪನಿಗೆ ಅರಸೀಕೆರೆ–ಬೆಂಗಳೂರು ಶೆಡ್ಯೂಲ್ ಇತ್ತು. ಬೆಳಿಗ್ಗೆ 8.15ಕ್ಕೆ ಅರಸೀಕೆರೆ ಬಿಟ್ಟರೆ ಮಧ್ಯಾಹ್ನ 12.40ಕ್ಕೆ ಮೆಜೆಸ್ಟಿಕ್. ಅಲ್ಲಿಂದ 1.20ಕ್ಕೆ ವಾಪಸ್.

ನನ್ನನ್ನು ಬಿಟ್ಟು ಬರಲು ರಜೆ ಹಾಕಿ ಅಂತ ಅಮ್ಮ ಒಂದು ವಾರ ಗೋಗರೆದಳು. "ರಜೆ ಹಾಕಿದ್ರೂ ಅದೇ ರೋಡು, ಅದೇ ಬಸ್ಸು ತಾನೇ? ಡ್ಯೂಟಿಲೇ ಕರ್ಕೊಂಡು ಹೋಗ್ತೀನಿ" ಅಂತ ಅಪ್ಪ ಒಪ್ಪಲಿಲ್ಲ. ಹಾಗಾಗಿ ನನ್ನ ಟ್ರಂಕು, ಹಾಸಿಗೆ ಸುರುಳಿ, ಚಟ್ನಿಪುಡಿ–ನಿಪ್ಪಟ್ಟಿನ ಡಬ್ಬ, ನಾನು, ಅಮ್ಮ, ಎಲ್ಲ ಅಪ್ಪನ ಕೆಂಪು ಬಸ್ಸಿನಲ್ಲೇ ಹೊರಟೆವು.

ಬಸ್ ಹೊರಟ ಮೇಲೆ ಅಪ್ಪ ಎಲ್ಲರಿಗೂ ಟಿಕೆಟ್ ಕೊಟ್ಟಂತೆ ನಮಗೂ ಕೊಟ್ಟರು. ಅಮ್ಮ ತಮಾಷೆಗೆ, "ನಮಗೂ ಟಿಕೆಟ್ಟಾ?" ಅಂದಳು. "ಬಸ್ಸು ನಮ್ಮಪ್ಪಂದಲ್ಲ" ಅಂತ ಹೇಳಿ, ತಮ್ಮ ಜೇಬಿನಿಂದ ದುಡ್ಡು ತೆಗೆದು ಚರ್ಮದ ಬ್ಯಾಗಿಗೆ ಹಾಕಿಕೊಂಡರು. ಆ ಟಿಕೆಟ್ ಈಗಲೂ ನನ್ನ ಹತ್ತಿರ ಇದೆ. ಮೆಷಿನ್ನಿನ ಅಚ್ಚೆಲ್ಲ ಅಳಿಸಿಹೋಗಿ ಬಿಳಿ ಕಾಗದವಾಗಿದೆ. ಹಿಂದೆ ಅಪ್ಪ ಪೆನ್ನಿನಲ್ಲಿ ಬರೆದದ್ದು ಮಾತ್ರ ಉಳಿದಿದೆ. ಅದೇನು ಅಂತ ಆಮೇಲೆ ಹೇಳುತ್ತೇನೆ.

ಅಪ್ಪ ಮನೆಯಲ್ಲಿ ಮಾತು ಕಡಿಮೆ. ಬಸ್ಸಿನಲ್ಲಿ ಮಾತ್ರ ಅವರಿಗೆ ಮಾತು ಬರುತ್ತಿತ್ತು. ಸ್ಟಾಪ್ ಬಂದಾಗ ಎದ್ದು ಹೋಗಿ ಟಿಕೆಟ್ ಕೊಟ್ಟು, ವೇಬಿಲ್ ಬರೆದು, ರಶ್ ಕಡಿಮೆಯಾದಾಗ ನನ್ನ ಪಕ್ಕ ಬಂದು ಕೂರುತ್ತಿದ್ದರು. ಒಂದು ಮಾತು ಹೇಳುವಷ್ಟರಲ್ಲಿ ಮುಂದಿನ ಸ್ಟಾಪ್ ಬರುತ್ತಿತ್ತು. ಹೀಗಾಗಿ ಅವರ ಬುದ್ಧಿಮಾತು ನನಗೆ ಸ್ಟೇಜ್ ಸ್ಟೇಜಿಗೆ ಕಂತಿನಲ್ಲಿ ಸಿಕ್ಕಿತು.

ತಿಪಟೂರು ದಾಟಿದ ಮೇಲೆ ಮೊದಲನೇದು, ದುಡ್ಡಿನ ವಿಷಯ. "ನಾವು ಡ್ಯೂಟಿಗೆ ಹತ್ತೋಕ್ ಮುಂಚೆ ಜೇಬಲ್ಲಿ ನಮ್ದು ಸ್ವಂತ ದುಡ್ಡು ಎಷ್ಟಿದೆ ಅಂತ ಬರೆದುಬಿಡ್ತೀವಿ. ಯಾಕೆ ಗೊತ್ತಾ? ಮಧ್ಯದಲ್ಲಿ ಚೆಕಿಂಗ್‌ನೋರು ಹತ್ತಿದ್ರೆ ನಮ್ದು ಯಾವುದು, ಸಂಸ್ಥೆದು ಯಾವುದು ಅಂತ ತಕರಾರು ಬರಬಾರದು. ರೂಮಲ್ಲಿ ನಾಕು ಜನ ಇರ್ತೀರ. ನಿಂದು ನಿಂದೇ, ಅವರದ್ದು ಅವರದ್ದೇ. ಯಾರಿಗೆ ಎಷ್ಟು ಕೊಟ್ಟೆ, ಯಾರತ್ರ ಎಷ್ಟು ತಗೊಂಡೆ, ಅವತ್ತೇ ಬರೆದಿಡು. ನಾಳೆಗೆ ಅಂತ ಬಿಡಬೇಡ."

ಕೆ.ಬಿ. ಕ್ರಾಸ್ ಆದ ಮೇಲೆ ಎರಡನೇದು, ಕಾಗದಪತ್ರ. "ಒರಿಜಿನಲ್ ಮಾರ್ಕ್ಸ್ ಕಾರ್ಡು ಯಾರಿಗೆ ಕೊಟ್ರೂ ರಸೀದಿ ಇಸ್ಕೋ. ಜೆರಾಕ್ಸ್ ಒಂದು ಸೆಟ್ ನಿನ್ನತ್ರ, ಒಂದು ಸೆಟ್ ಮನೇಲಿ."

ಗುಬ್ಬಿಯ ಹತ್ತಿರ ಮೂರನೇದು. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಬೆಂಗಳೂರಿನ ಇಂಗ್ಲಿಷ್ ಅಂದರೆ ಹೊಟ್ಟೆಯಲ್ಲಿ ಚಿಟ್ಟೆ ಅಲ್ಲ, ಕಲ್ಲೇ ಇಟ್ಟಂತೆ ಇತ್ತು. ಅದು ಅಪ್ಪನಿಗೆ ಗೊತ್ತಿತ್ತು. "ಹೊಸಬರು ಬಸ್ ಹತ್ತಿದ್ರೆ ಎರಡು ಥರ. ಕೆಲವರು ಹತ್ತು ಸಲ 'ಕಂಡಕ್ಟ್ರೇ, ನಮ್ಮೂರು ಬಂತಾ' ಅಂತ ಕೇಳ್ತಾರೆ. ನಮಗೆ ಸಿಟ್ಟು ಬರುತ್ತೆ, ನಿಜ. ಆದ್ರೆ ಅವರು ಸರಿಯಾದ ಜಾಗದಲ್ಲಿ ಇಳೀತಾರೆ. ಇನ್ನು ಕೆಲವರು ನಾಚ್ಕೊಂಡು ಕಿಟಕಿ ಕಡೆ ನೋಡ್ತಾ ಕೂತಿರ್ತಾರೆ. ಅವರೂರು ಹಿಂದೆ ಹೋಗಿರುತ್ತೆ. ನೀನು ಕೇಳು. ಮೇಷ್ಟ್ರಿಗೆ ಸಿಟ್ಟು ಬಂದ್ರೆ ಬರಲಿ."

ತಪ್ಪು ಬಸ್ ಹತ್ತಿದ ಅಜ್ಜ

ನಾಲ್ಕನೇ ಮಾತು ಬಂದದ್ದು ತುಮಕೂರು ಬಿಟ್ಟು ದಾಬಸ್‌ಪೇಟೆ ದಾಟಿದ ಮೇಲೆ. ಅದನ್ನು ಅವರು ಮಾತಾಗಿ ಹೇಳಲಿಲ್ಲ. ಒಂದು ಘಟನೆಯಾಗಿ ಹೇಳಿದರು.

ಕೆಲವು ವರ್ಷದ ಹಿಂದೆ ಅರಸೀಕೆರೆಯಲ್ಲಿ ಒಬ್ಬರು ವಯಸ್ಸಾದವರು ಬಸ್ ಹತ್ತಿದರಂತೆ. ಅವರು ಹೋಗಬೇಕಾಗಿದ್ದು ಹಾಸನಕ್ಕೆ. ಬೋರ್ಡ್ ಓದಲು ಬಾರದೆ ಬೆಂಗಳೂರು ಬಸ್ ಹತ್ತಿದ್ದಾರೆ. ಬಸ್ ಗಿಜಿಗಿಜಿ ಅನ್ನುತ್ತಿತ್ತು. ಅಪ್ಪ ಟಿಕೆಟ್ ಕೇಳಿಕೊಂಡು ಹಿಂದಿನ ಸೀಟಿನವರೆಗೆ ಬರುವಷ್ಟರಲ್ಲಿ ತಿಪಟೂರು ಹತ್ತಿರ ಬಂದಿದೆ. ಅಷ್ಟರಲ್ಲಿ ಪಕ್ಕದವರ ಮಾತಿನಿಂದ ಆ ಅಜ್ಜನಿಗೆ ತಪ್ಪು ಬಸ್ ಅಂತ ಗೊತ್ತಾಗಿಹೋಗಿತ್ತು. ಆದರೆ ಎಲ್ಲರ ಮುಂದೆ ಹೇಳಿದರೆ ನಗುತ್ತಾರೆ ಅಂತ ನಾಚಿಕೆ. "ಎಲ್ಲಿಗೆ ಯಜಮಾನ್ರೇ?" ಅಂತ ಅಪ್ಪ ಕೇಳಿದರೆ, ಪಕ್ಕದವರು ಹೇಳಿದ್ದನ್ನೇ ಅವರೂ ಹೇಳಿಬಿಟ್ಟರಂತೆ: "ತುಮಕೂರು." ಜೇಬಲ್ಲಿದ್ದ ದುಡ್ಡೆಲ್ಲ ಟಿಕೆಟ್ಟಿಗೇ ಆಯಿತು. ತುಮಕೂರಿನಲ್ಲಿ ಇಳಿದು ಬಸ್ ಸ್ಟ್ಯಾಂಡಿನ ಕಂಬ ಹಿಡಿದು ನಿಂತಿದ್ದವರನ್ನು ನೋಡಿ ಅಪ್ಪನಿಗೆ ಅನುಮಾನ ಬಂದು ವಿಚಾರಿಸಿದಾಗ ವಿಷಯ ಹೊರಬಂತು. ಅರಸೀಕೆರೆಗೆ ಹೋಗುವ ಇನ್ನೊಂದು ಬಸ್ಸಿನ ಕಂಡಕ್ಟರಿಗೆ ದುಡ್ಡು ಕೊಟ್ಟು ಅವರನ್ನು ಹತ್ತಿಸಿ ಕಳಿಸಿದರಂತೆ.

"ತಿಪಟೂರಲ್ಲೇ ಬಾಯಿ ಬಿಟ್ಟಿದ್ರೆ ಅರ್ಧ ಗಂಟೇಲಿ ವಾಪಸ್ ಹೋಗ್ತಿದ್ರು. ತಪ್ಪು ಬಸ್ ಯಾರು ಬೇಕಾದ್ರೂ ಹತ್ತಬಹುದು ಕಣಮ್ಮ. ಎಷ್ಟು ದೂರ ಸುಮ್ನೆ ಕೂತ್ಕೊಂಡು ಹೋಗ್ತೀವೋ ಅಷ್ಟು ದೂರ ವಾಪಸ್ ಬರ್ಬೇಕು. ನಿಂಗೂ ಅಲ್ಲಿ ಏನಾದ್ರೂ ಹಂಗಾದ್ರೆ, ಓದೋದ್ರಲ್ಲೋ, ಇನ್ಯಾವುದ್ರಲ್ಲೋ, ಗೊತ್ತಾದ ತಕ್ಷಣ ನಂಗೆ ಹೇಳು. ಬೈತೀನಿ. ಬೈಯಲ್ಲ ಅಂತ ಹೇಳಲ್ಲ. ಆದ್ರೆ ಮೊದ್ಲು ವಾಪಸ್ ಬಸ್ ಹತ್ತಿಸ್ತೀನಿ, ಬೈಯೋದು ಆಮೇಲೆ."

ನೆಲಮಂಗಲ ಬಂತು. ಅಪ್ಪ ಎದ್ದು ಹೋದರು.

ಮೆಜೆಸ್ಟಿಕ್‌ನಲ್ಲಿ ಇಳಿದಾಗ ಮಾವ ಆಟೋ ಹಿಡಿದುಕೊಂಡು ಕಾಯುತ್ತಿದ್ದರು. ಅಪ್ಪ ಹಾಸ್ಟೆಲ್‌ವರೆಗೆ ಬರುವಂತಿರಲಿಲ್ಲ. ಕಂಟ್ರೋಲರ್ ಹತ್ತಿರ ಎಂಟ್ರಿ ಹಾಕಿಸಿ, ಊಟ ಮಾಡಿ, 1.20ಕ್ಕೆ ಬಸ್ ಬಿಡಬೇಕಿತ್ತು. ಟ್ರಂಕ್ ಇಳಿಸಿಕೊಟ್ಟು, "ಟಿಕೆಟ್ ಕೊಡು ಇಲ್ಲಿ" ಅಂದರು. ಚಿಲ್ಲರೆ ಇಲ್ಲದಾಗ ಬಾಕಿ ಬರೆದುಕೊಡುತ್ತಾರಲ್ಲ, ಹಾಗೆ ಟಿಕೆಟ್ಟಿನ ಹಿಂದೆ ಏನೋ ಗೀಚಿ ಕೊಟ್ಟರು. ಆಟೋದಲ್ಲಿ ಕೂತು ನೋಡಿದೆ: "ಸೋಮ, ಬುಧ, ಶುಕ್ರ. 12.40ರಿಂದ 1.20. ಇಲ್ಲೇ."

ಅಷ್ಟೇ. 'ಚೆನ್ನಾಗಿ ಓದು' ಅಂತಲೂ ಇರಲಿಲ್ಲ.

ನಲವತ್ತು ದಿನ

ಈಗ ನಿಜ ಹೇಳುವ ಹೊತ್ತು. ಇಷ್ಟೆಲ್ಲ ಕೇಳಿಸಿಕೊಂಡು ಹೋದ ನಾನು ಅಪ್ಪ ಹೇಳಿದ್ದನ್ನು ಮಾಡಿದೆನೇ? ಇಲ್ಲ.

ದುಡ್ಡಿನ ಲೆಕ್ಕ ಎರಡು ತಿಂಗಳು ಬರೆದೆ, ಆಮೇಲೆ ಬಿಟ್ಟೆ. ಕ್ಲಾಸಿನಲ್ಲಿ ಕೇಳುವ ವಿಷಯವಂತೂ ದೂರ. ಪಾಠ ಮಾಡುವವರ ಇಂಗ್ಲಿಷ್ ವೇಗಕ್ಕೆ ನನ್ನ ಕಿವಿ ಹೊಂದಿಕೊಳ್ಳುವಷ್ಟರಲ್ಲಿ ಬೋರ್ಡ್ ಒರೆಸಿರುತ್ತಿತ್ತು. ಎಲ್ಲರಿಗೂ ಅರ್ಥವಾಗಿದೆ, ನನಗೊಬ್ಬಳಿಗೇ ಇಲ್ಲ ಅಂದುಕೊಂಡು ಕಿಟಕಿ ಕಡೆ ನೋಡುತ್ತಾ ಕೂತೆ. ಅಪ್ಪ ಹೇಳಿದ ಎರಡನೇ ಥರದ ಪ್ಯಾಸೆಂಜರ್ ನಾನೇ ಆದೆ.

ಮೊದಲ ಸೆಮಿಸ್ಟರ್ ರಿಸಲ್ಟ್ 2014ರ ಮಾರ್ಚ್ 12ಕ್ಕೆ ಬಂತು. ಗಣಿತ, ಎಲೆಕ್ಟ್ರಿಕಲ್, ಡ್ರಾಯಿಂಗ್, ಮೂರು ವಿಷಯ ಹೋಗಿದ್ದವು. ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಮೊದಲು ಬಂದು ಊರಲ್ಲಿ ಹಾರ ಹಾಕಿಸಿಕೊಂಡವಳು ನಾನು. ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಮನೆಗೆ ಫೋನ್ ಮಾಡಿದಾಗ, "ಇನ್ನೂ ರಿಸಲ್ಟ್ ಬಂದಿಲ್ಲ" ಅಂದೆ.

ಒಂದು ಸುಳ್ಳಿಗೆ ಹತ್ತು ಸುಳ್ಳು ಅಂತಾರಲ್ಲ, ಸತ್ಯವಾದ ಮಾತು. ಬ್ಯಾಕ್‌ಲಾಗ್ ಪರೀಕ್ಷೆಯ ಫೀಸ್ ಕಟ್ಟಲು ಮನೆಯಲ್ಲಿ ಕೇಳುವ ಹಾಗಿಲ್ಲ. ರೂಮಿನ ಇಬ್ಬರ ಹತ್ತಿರ ಸಾಲ ಮಾಡಿದೆ. ಸಾಲ ತೀರಿಸಲು ಮೆಸ್‌ನಲ್ಲಿ ಬೆಳಗಿನ ತಿಂಡಿ ಬಿಟ್ಟೆ. ಅಮ್ಮ ಫೋನಿನಲ್ಲಿ, "ತಿಂಡಿ ತಿಂದ್ಯಾ?" ಅಂದರೆ, "ಹೂಂ, ಇಡ್ಲಿ" ಅನ್ನುತ್ತಿದ್ದೆ. ರಾತ್ರಿ ನಿದ್ದೆ ಬರುತ್ತಿರಲಿಲ್ಲ, ಬೆಳಿಗ್ಗೆ ಕ್ಲಾಸಿನಲ್ಲಿ ತೂಕಡಿಕೆ. ಎರಡನೇ ಸೆಮಿಸ್ಟರ್ ಕೂಡ ಕೈಬಿಡುವ ಹಾಗೆ ಕಾಣುತ್ತಿತ್ತು. ಹಾಗಾದರೆ ಇಯರ್ ಬ್ಯಾಕ್. ಎಜುಕೇಶನ್ ಲೋನ್‌ಗೆ ಅಪ್ಪ ನನ್ನ ಜೊತೆ ಸಹಿ ಹಾಕಿದ್ದರು. ಒಂದೊಂದು ರಾತ್ರಿ ಬಂದ ಯೋಚನೆಗಳನ್ನು ಈಗ ಬರೆಯಲು ಕೈ ಬರುವುದಿಲ್ಲ. ಬಂದಿದ್ದವು ಅಂತಷ್ಟೇ ಹೇಳುತ್ತೇನೆ.

ಏಪ್ರಿಲ್ 17ಕ್ಕೆ ಲೋಕಸಭಾ ಚುನಾವಣೆ. ನನ್ನ ಮೊದಲ ಓಟು. ಊರಿಗೆ ಹೋದೆ. ಇವತ್ತು ಹೇಳೋಣ, ನಾಳೆ ಹೇಳೋಣ ಅಂದುಕೊಂಡೆ. ಅಪ್ಪನಿಗೆ ಎಲೆಕ್ಷನ್ ಡ್ಯೂಟಿ, ಮನೆಯಲ್ಲಿ ಸಿಕ್ಕಿದ್ದೇ ಕಡಿಮೆ. ಸಿಕ್ಕಾಗಲೂ ಅವರ ಆಯಾಸದ ಮುಖ ನೋಡಿ ಬಾಯಿ ಬರಲಿಲ್ಲ. ಬೆರಳಿನಲ್ಲಿ ಶಾಯಿ ಗುರುತು, ಹೊಟ್ಟೆಯಲ್ಲಿ ಅದೇ ಸುಳ್ಳು ಇಟ್ಟುಕೊಂಡು ಭಾನುವಾರ ವಾಪಸ್ ಬಂದೆ.

ಆ ರಾತ್ರಿ ರೂಮ್‌ಮೇಟ್, ಶಿರಸಿ ಕಡೆಯ ಹುಡುಗಿ, ನೇರವಾಗಿ ಕೇಳಿದಳು. "ನಿಮ್ಮಪ್ಪಂಗೆ ಹೇಳಿದ್ಯಾ?" ಇಲ್ಲ ಅಂದೆ. "ನಿಮ್ಮಪ್ಪ ನಾಳೆ ಮೆಜೆಸ್ಟಿಕ್‌ಗೆ ಬರ್ತಾರಲ್ಲ?" ಅಂದಳು. ನಾಳೆ ಸೋಮವಾರ. ಪರ್ಸಿನಲ್ಲಿದ್ದ ಟಿಕೆಟ್ ನೆನಪಾಯಿತು. ಅಷ್ಟು ದಿನವೂ ಅದು ಅಲ್ಲೇ ಇತ್ತು.

ಮಾರನೇ ದಿನ ಲ್ಯಾಬ್ ಬಿಟ್ಟು ಸಿಟಿ ಬಸ್ ಹತ್ತಿದೆ. ಅವತ್ತು ಅಪ್ಪನ ಬಸ್ ಹತ್ತು ನಿಮಿಷ ತಡವಾಗಿ ಬಂತು. ನನ್ನನ್ನು ನೋಡಿದ ತಕ್ಷಣ ಅಪ್ಪನಿಗೆ ಏನೋ ಆಗಿದೆ ಅಂತ ಗೊತ್ತಾಯಿತು ಅನಿಸುತ್ತೆ. "ಇರು, ಎಂಟ್ರಿ ಹಾಕಿಸ್ಕೊಂಡು ಬರ್ತೀನಿ" ಅಂದರು. ಬಂದು, ಅಮ್ಮ ಕಟ್ಟಿಕೊಟ್ಟ ಚಪಾತಿ ಡಬ್ಬ ಬಿಚ್ಚಿ ಒಂದು ನನ್ನ ಕೈಗೆ ಕೊಟ್ಟರು. ಬಸ್ಸಿನ ಖಾಲಿ ಸೀಟಿನಲ್ಲಿ ಕೂತು ಎಲ್ಲ ಹೇಳಿದೆ. ಅಪ್ಪ ಮಧ್ಯೆ ಬಾಯಿ ಹಾಕಲಿಲ್ಲ.

ಕೊನೆಗೆ ಕೇಳಿದರು, "ಯಾವತ್ತು ಗೊತ್ತಾಯ್ತು?"

"ಮಾರ್ಚ್ ಹನ್ನೆರಡಕ್ಕೆ."

ಬೆರಳು ಮಡಚಿ ಎಣಿಸಿದರು. "ನಲವತ್ತು ದಿನ. ಅಷ್ಟು ದಿನ ಒಬ್ಳೇ ನಿಂತ್ಕೊಂಡು ಬಂದ್ಯಾ?"

ನನಗೆ ಅಳು ತಡೆಯಲಾಗಲಿಲ್ಲ. ಅಪ್ಪ ಸಮಾಧಾನ ಮಾಡಲಿಲ್ಲ. ಅವರಿಗೆ ಅದು ಬರುವುದೂ ಇಲ್ಲ. ಸಾಲ ಎಷ್ಟು ಅಂತ ಕೇಳಿದರು. ಸಾವಿರದ ಇನ್ನೂರು ಅಂದೆ. ತಮ್ಮ ದುಡ್ಡು ಎಣಿಸಿ ಐನೂರು ಕೊಟ್ಟು, "ಮಿಕ್ಕಿದ್ದು ಬುಧವಾರ. ಇಬ್ರಲ್ಲಿ ಯಾರಿಗೆ ಕಷ್ಟ ಜಾಸ್ತಿಯೋ ಅವರಿಗೆ ಮೊದ್ಲು ಕೊಡು" ಅಂದರು. ಆಮೇಲೆ, "ಗಣಿತದ ಮೇಷ್ಟ್ರು ಯಾರು? ನಾಳೆ ಹೋಗಿ ಅವರನ್ನ ನೋಡು. 'ಸರ್, ನಂಗೆ ಅರ್ಥ ಆಗ್ತಿಲ್ಲ' ಅಂತ ಕನ್ನಡದಲ್ಲೇ ಹೇಳು. ಬುಧವಾರ ಬಂದು ಅವರು ಏನಂದ್ರು ಅಂತ ನಂಗೆ ಹೇಳ್ಬೇಕು" ಅಂದರು. 1.20 ಆಯಿತು. ಡ್ರೈವರ್ ಅಂಕಲ್ ಬಂದು ಕೂತರು. ಅಪ್ಪ ಸೀಟಿ ಊದಿದರು. ಬಸ್ ಹೊರಟಿತು.

ರಾಗಿ ಮೂಟೆ

ಬೈಗುಳ ಅವತ್ತು ರಾತ್ರಿ ಬಂತು, ಫೋನಿನಲ್ಲಿ. ಹೇಳಿದಂತೆಯೇ ಆಮೇಲೆ. ಅಪ್ಪ ಹಾಗೆ ಬೈದದ್ದನ್ನು ನಾನು ಅದಕ್ಕೂ ಮುಂಚೆ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಫೇಲಾಗಿದ್ದಕ್ಕಲ್ಲ. ತಿಂಡಿ ಬಿಟ್ಟಿದ್ದಕ್ಕೆ, ಅಮ್ಮನಿಗೆ ಇಡ್ಲಿ ಅಂತ ಸುಳ್ಳು ಹೇಳಿದ್ದಕ್ಕೆ, ಓಟು ಹಾಕಲು ಬಂದವಳು ಎದುರಿಗಿದ್ದೂ ಹೇಳದೆ ಹೋಗಿದ್ದಕ್ಕೆ. ನಾನೂ ಸಿಟ್ಟಿನಲ್ಲಿ, "ನಿಮಗೇನು ಗೊತ್ತಪ್ಪ ಫೇಲಾದ್ರೆ ಹೇಗಾಗತ್ತೆ ಅಂತ!" ಅಂದುಬಿಟ್ಟೆ.

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಗೊತ್ತಿರೋದ್ಕೇ ಹೇಳಿದ್ದು" ಅಂದು ಫೋನ್ ಇಟ್ಟರು.

ಬುಧವಾರ ಮೆಜೆಸ್ಟಿಕ್‌ನಲ್ಲಿ ವಿಷಯ ಗೊತ್ತಾಯಿತು. ಅಪ್ಪ ಎಸ್ಸೆಸ್ಸೆಲ್ಸಿ ಅಂತ ಮಾತ್ರ ನಮಗೆಲ್ಲ ಗೊತ್ತಿತ್ತು. ತುಮಕೂರಿನಲ್ಲಿ ರೂಮ್ ಮಾಡಿಕೊಂಡು ಪಿಯುಸಿ ಓದಿದ್ದರು ಅಂತ ಗೊತ್ತಿರಲಿಲ್ಲ. 1983ರಲ್ಲಿ ಎರಡನೇ ಪಿಯುಸಿ ಫೇಲು. ತಾತನಿಗೆ ಪಾಸಾಯಿತು ಅಂತ ಹೇಳಿ, ಡಿಗ್ರಿ ಸೇರಿದ್ದೇನೆ ಅಂತ ಕತೆ ಕಟ್ಟಿ, ಐದು ತಿಂಗಳು ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಮೂಟೆ ಲೆಕ್ಕ ಬರೆಯುವ ಕೆಲಸ ಮಾಡಿದ್ದರು. ಸಂಜೆ ರೂಮಿಗೆ ವಾಪಸ್. ತಾತ ತಿಂಗಳಿಗೊಮ್ಮೆ ಪೋಸ್ಟ್‌ಕಾರ್ಡ್ ಬರೆಸುತ್ತಿದ್ದರು, ಅಪ್ಪ ಉತ್ತರದಲ್ಲಿ ಕಾಲೇಜಿನ ಸುದ್ದಿ ಬರೆಯುತ್ತಿದ್ದರು.

ಒಂದು ದಿನ ತಾತ ಹೇಳದೆ ಕೇಳದೆ ತುಮಕೂರಿಗೆ ಬಂದರು, ಮಗನ ಊಟಕ್ಕೆ ಅಂತ ರಾಗಿ ಮೂಟೆ ಹೊತ್ತುಕೊಂಡು. ರೂಮಿಗೆ ಬೀಗ. ಓನರ್ ಹೆಂಗಸು, "ಅವನು ದಿನಾ ತಿಪಟೂರಿಗೆ ಕೆಲಸಕ್ಕೆ ಹೋಗ್ತಾನಲ್ಲ" ಅಂದರಂತೆ. ಅಪ್ಪ ಸಂಜೆ ಬಂದಾಗ ತಾತ ಬಾಗಿಲ ಮುಂದೆ ಮೂಟೆಯ ಮೇಲೆ ಕೂತಿದ್ದರು. ಬೆಳಗಿನಿಂದ ಏನೂ ತಿಂದಿರಲಿಲ್ಲ. ಹೊಡೆಯಲಿಲ್ಲ, ಬೈಯಲಿಲ್ಲ. "ಹೇಳಿದ್ರೆ ಆಗ್ತಿತ್ತಲ್ಲೋ, ಇನ್ನೊಂದ್ ಸಲ ಕಟ್ಟಿಸ್ತಿದ್ದೆ" ಅಂದರಂತೆ, ಅಷ್ಟೇ. ಅಷ್ಟೊತ್ತಿಗೆ ಪೂರಕ ಪರೀಕ್ಷೆಯೂ ಮುಗಿದುಹೋಗಿತ್ತು. ಆಮೇಲೆ ಅಪ್ಪ ಪರೀಕ್ಷೆಗೆ ಕೂರಲೇ ಇಲ್ಲ. ಎಸ್ಸೆಸ್ಸೆಲ್ಸಿ ಮೇಲೆ ಕಂಡಕ್ಟರ್ ಲೈಸೆನ್ಸ್ ಮಾಡಿಸಿ, ಬ್ಯಾಡ್ಜ್ ತಗೊಂಡು ಕೆಲಸಕ್ಕೆ ಸೇರಿದರು.

"ಈ ಕೆಲ್ಸದಿಂದ ನಂಗೇನೂ ಬೇಜಾರಿಲ್ಲ. ಇದೇ ಅನ್ನ ಹಾಕಿದ್ದು" ಅಂದರು ಅಪ್ಪ. "ಆದ್ರೆ ನಮ್ಮಪ್ಪ ಆ ಮೂಟೆ ಮೇಲೆ ಕೂತಿದ್ದು ಈಗ್ಲೂ ಕಣ್ಮುಂದೆ ಬರುತ್ತೆ. ನಿಂಗೆ ಹಂಗಾಗೋದು ಬೇಡ."

ಅವರ ತಪ್ಪು ಬಸ್ಸಿನ ಕತೆ ಎಲ್ಲಿಂದ ಬಂದಿತ್ತು ಅಂತ ನನಗೆ ಆಗ ಅರ್ಥವಾಯಿತು. ತುಮಕೂರಿನವರೆಗೆ ಸುಮ್ಮನೆ ಕೂತು ಹೋದವರು ಆ ಅಜ್ಜ ಒಬ್ಬರೇ ಅಲ್ಲ.

ಗಣಿತದ ಮೇಷ್ಟ್ರ ಹತ್ತಿರ ಹೋದೆ. ಬೈದರು ಕೂಡ, "ಆರು ತಿಂಗಳು ಎಲ್ಲಿದ್ದೆ?" ಅಂತ. ಆದರೆ ಶನಿವಾರ ಶನಿವಾರ ಸ್ಟಾಫ್ ರೂಮಿಗೆ ಬಾ ಅಂದರು. ಹೋಗಿ ನೋಡಿದರೆ ನನ್ನ ಹಾಗೆ ಇನ್ನೂ ಐದಾರು ಜನ ಅಲ್ಲಿದ್ದರು! ಗಣಿತ, ಎಲೆಕ್ಟ್ರಿಕಲ್ ಮುಂದಿನ ಸಲ ಪಾಸಾದವು. ಡ್ರಾಯಿಂಗ್ ಇನ್ನೊಂದು ಸಲ ಹೋಗಿ ಮೂರನೇ ಸಲಕ್ಕೆ ಬಂತು. ಇಯರ್ ಬ್ಯಾಕ್ ಆಗಲಿಲ್ಲ. 2017ರಲ್ಲಿ ಡಿಗ್ರಿ ಮುಗಿಯಿತು. ಮೊದಲ ಸೆಮಿಸ್ಟರಿನ ಗುರುತು ನನ್ನ ಮಾರ್ಕ್ಸ್ ಕಾರ್ಡಿನಲ್ಲಿ ಈಗಲೂ ಇದೆ. ಕ್ಯಾಂಪಸ್ಸಿಗೆ ಬಂದ ಒಂದೆರಡು ಕಂಪನಿಗಳು ಅದರಿಂದಲೇ ನನ್ನನ್ನು ಒಳಗೆ ಬಿಡಲಿಲ್ಲ. ಬೇರೆ ಕಡೆ ಕೆಲಸ ಸಿಕ್ಕಿತು.

ಅಪ್ಪನ ಮಾತು ಆಫೀಸಿಗೂ ಬಂತು. ಸೇರಿದ ಮೊದಲ ವರ್ಷ ಒಂದು ರಾತ್ರಿ ನಾನು ಹಾಕಿದ ಕೋಡ್‌ನಿಂದ ಗ್ರಾಹಕರ ಬಿಲ್ ತಪ್ಪು ಬರಲು ಶುರುವಾಯಿತು. ನನಗೆ ಗೊತ್ತಾದದ್ದು ರಾತ್ರಿ 11ಕ್ಕೆ. ಯಾರಿಗೂ ಗೊತ್ತಾಗದ ಹಾಗೆ ನಾನೇ ಸರಿಮಾಡಿಬಿಡೋಣ ಅನ್ನಿಸಿತು. ಆಮೇಲೆ, ಇದು ತಿಪಟೂರು, ಇಲ್ಲೇ ಇಳಿಯಬೇಕು ಅಂತ ಅನಿಸಿ ಟೀಮ್ ಲೀಡ್‌ಗೆ ಫೋನ್ ಮಾಡಿದೆ. ಇಪ್ಪತ್ತು ನಿಮಿಷದಲ್ಲಿ ಹಳೇ ಕೋಡ್ ವಾಪಸ್ ಹಾಕಿದೆವು. ಮಾರನೇ ದಿನದ ಮೀಟಿಂಗಿನಲ್ಲಿ ಕೇಳಿದ ಮೊದಲ ಪ್ರಶ್ನೆ 'ಯಾರು ಮಾಡಿದ್ದು' ಅಂತಲ್ಲ, 'ಯಾವಾಗ ಗೊತ್ತಾಯ್ತು, ಯಾವಾಗ ಹೇಳಿದ್ರಿ' ಅಂತ. ಮೆಜೆಸ್ಟಿಕ್‌ನಲ್ಲಿ ಅಪ್ಪ ಕೇಳಿದ್ದೂ ಅದನ್ನೇ.

ಕಳಿಸುವ ಅಪ್ಪ ಅಮ್ಮಂದಿರಿಗೆ

ಇದನ್ನೆಲ್ಲ ಅಕ್ಕನ ಮಗಳಿಗೆ ಹೇಳಿದೆ. ಅವಳಿಗಿಂತ ಹೆಚ್ಚಾಗಿ ಅಕ್ಕ–ಭಾವ ಕೇಳಿಸಿಕೊಳ್ಳಲಿ ಅಂತ ನನ್ನ ಆಸೆ ಇತ್ತು. ನನ್ನ ಅನುಭವದಲ್ಲಿ ಅನಿಸಿದ್ದು ಇಷ್ಟು.

ಹೊರಡುವ ದಿನದ ಬುದ್ಧಿಮಾತು ಮಕ್ಕಳ ತಲೆಯಲ್ಲಿ ಉಳಿಯುತ್ತದೆ, ನಿಜ. ಆದರೆ ಕಷ್ಟ ಬಂದಾಗ ಅದೊಂದೇ ಸಾಲದು. ಅಪ್ಪ ಹೇಳಿದ ನಾಲ್ಕೂ ಮಾತು ನನಗೆ ಬಾಯಿಪಾಠವಾಗಿದ್ದವು, ಆದರೂ ನಲವತ್ತು ದಿನ ಬಾಯಿ ಬಿಡಲಿಲ್ಲ. ನನ್ನನ್ನು ಕರೆದುಕೊಂಡು ಹೋದದ್ದು ಟಿಕೆಟ್ಟಿನ ಹಿಂದಿನ ಆ ಸಮಯ. ಇಂಥ ದಿನ, ಇಷ್ಟು ಹೊತ್ತಿಗೆ, ಇಂಥ ಜಾಗದಲ್ಲಿ ನಾನಿರುತ್ತೇನೆ ಅನ್ನುವುದು. 'ಏನಿದ್ರೂ ಹೇಳು' ಅನ್ನುವುದು ಸುಲಭ. ಮಕ್ಕಳಿಗೆ ಯಾವಾಗ, ಹೇಗೆ ಅಂತ ಗೊತ್ತಾಗುವುದಿಲ್ಲ. ವಾರದಲ್ಲಿ ಒಂದು ಹೊತ್ತು ಗೊತ್ತುಮಾಡಿ. ಆ ಹೊತ್ತಿನಲ್ಲಿ ಮಾರ್ಕ್ಸ್ ಕೇಳಬೇಡಿ.

'ನೀನು ಫೇಲಾಗಲ್ಲ, ನಂಗೊತ್ತು' ಅಂತ ಹೇಳಿ ಕಳಿಸಬೇಡಿ. ಪ್ರೀತಿಯಿಂದಲೇ ಹೇಳಿರುತ್ತೀರಿ. ಆದರೆ ಫೇಲಾದ ದಿನ ಆ ಮಾತೇ ಗಂಟಲಿಗೆ ಅಡ್ಡ ನಿಲ್ಲುತ್ತದೆ. ನಿಮ್ಮ ಜೀವನದಲ್ಲಿ ಸೋತ ಕತೆ ಯಾವುದಾದರೂ ಇದ್ದರೆ ಅದನ್ನು ಹೊರಡುವ ಮುಂಚೆಯೇ ಹೇಳಿ. ನಮ್ಮಪ್ಪ ತಮ್ಮ ಕತೆಯನ್ನು ಆ ಅಜ್ಜನ ಕತೆಯ ಹಿಂದೆ ಬಚ್ಚಿಟ್ಟರು. ಬಸ್ಸಿನಲ್ಲೇ ಹೇಳಿದ್ದರೆ ನಾನು ಮಾರ್ಚ್‌ನಲ್ಲೇ ಹೋಗುತ್ತಿದ್ದೆನೇನೋ. ಅಪ್ಪನ ಹತ್ತಿರವೂ ಇದನ್ನು ಹೇಳಿದ್ದೇನೆ. "ಇರಬಹುದು" ಅಂದರು.

ಸಾಲದ ಲೆಕ್ಕ ಮಕ್ಕಳಿಗೂ ಗೊತ್ತಿರಲಿ. ಬ್ಯಾಂಕುಗಳ ಮಾದರಿ ಶೈಕ್ಷಣಿಕ ಸಾಲ ಯೋಜನೆಯಲ್ಲಿ 4 ಲಕ್ಷ ರೂಪಾಯಿವರೆಗೆ ಆಸ್ತಿ ಅಡವಿಡಬೇಕಿಲ್ಲ, ಅಪ್ಪ ಅಥವಾ ಅಮ್ಮ ಜೊತೆಗೆ ಸಹಿ ಹಾಕಿದರೆ ಸಾಕು. ಕಂತು ಶುರುವಾಗುವುದು ಓದು ಮುಗಿದ ಮೇಲೆ. ಇದು ಗೊತ್ತಿಲ್ಲದೆ ನಾನು, ಫೇಲಾದರೆ ನಾಳೆಯೇ ಬ್ಯಾಂಕಿನವರು ಮನೆಗೆ ಬರುತ್ತಾರೆ ಅಂತ ಹೆದರಿಕೊಂಡಿದ್ದೆ.

ಮನೆಯವರಿಗೆ ಹೇಳಲು ಆಗುವುದೇ ಇಲ್ಲ ಅನ್ನುವ ರಾತ್ರಿಗಳೂ ಇರುತ್ತವೆ. ಅದಕ್ಕೆ ಎರಡು ನಂಬರ್ ಮಗುವಿನ ಫೋನಿನಲ್ಲಿ ಇರಲಿ. 14416 ಟೆಲಿ ಮಾನಸ್, ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರುಮಾಡಿದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು. ಇನ್ನೊಂದು 1800-180-5522, ರ‍್ಯಾಗಿಂಗ್ ವಿರುದ್ಧದ ರಾಷ್ಟ್ರೀಯ ಸಹಾಯವಾಣಿ. ಯುಜಿಸಿಯ 2009ರ ನಿಯಮದ ಪ್ರಕಾರ ಕಾಲೇಜು ಸೇರುವಾಗ ರ‍್ಯಾಗಿಂಗ್ ಮಾಡುವುದಿಲ್ಲ ಅಂತ ವಿದ್ಯಾರ್ಥಿಯೂ ಪೋಷಕರೂ ಬರೆದುಕೊಡಬೇಕು. ಅದನ್ನು ಓದದೆ ಸಹಿ ಹಾಕಬೇಡಿ. ಮಗುವಿನ ಜೊತೆ ಕೂತು ಓದಿ. ಆ ವಿಷಯ ಮಾತಾಡಲು ಅದೇ ಒಳ್ಳೆ ಸಂದರ್ಭ.

ಹೋದ ವಾರ ಅಕ್ಕನ ಮಗಳು ಹೊರಟಳು. ಅರಸೀಕೆರೆ ಬಸ್ ಸ್ಟ್ಯಾಂಡಿಗೆ ಎಲ್ಲರೂ ಹೋಗಿದ್ದೆವು. ಅಪ್ಪ ಅವಳ ಜೊತೆ ಮೈಸೂರಿನವರೆಗೆ ಹೋಗುತ್ತೇನೆ ಅಂತ ಹಟ ಹಿಡಿದಿದ್ದರು. ಈಗ ಶಕ್ತಿ ಯೋಜನೆ ಇದೆಯಲ್ಲ, ಅಕ್ಕನಿಗೆ, ಅವಳಿಗೆ ಸೊನ್ನೆ ರೂಪಾಯಿ ಟಿಕೆಟ್. ಅಪ್ಪನಿಗೆ ಮಾತ್ರ ದುಡ್ಡಿನ ಟಿಕೆಟ್. ಬಸ್ ಹೊರಡುವ ಮುಂಚೆ ಕಿಟಕಿಯಿಂದ ಅವಳ ಟಿಕೆಟ್ ಇಸ್ಕೊಂಡೆ. ಹಿಂದೆ ಬರೆದೆ: "ದಿನಾ ರಾತ್ರಿ 9.30ರಿಂದ 10. ಭಾನುವಾರ ಯಾವಾಗ ಬೇಕಾದರೂ. ಚಿಕ್ಕಮ್ಮ."

ಅವಳು ನೋಡಿ, "ವಾಟ್ಸಾಪ್‌ನಲ್ಲಿ ಕಳಿಸಿದ್ರೆ ಆಗ್ತಿರ್ಲಿಲ್ವಾ ಚಿಕ್ಕಮ್ಮಾ?" ಅಂತ ನಕ್ಕಳು.

ಪಕ್ಕದ ಸೀಟಿನಲ್ಲಿದ್ದ ಅಪ್ಪ ಮಾತ್ರ, "ಪರ್ಸಲ್ಲಿ ಇಟ್ಕೋ" ಅಂದರು.